ಮೋಜೆಶನ ಮಟ್ಟು

ಕಿಶ್ತೋ ಊರಿನಲ್ಲಿ ಗಂಡಸಿಗೆ ಹೊಲ, ಹಸು, ಹೆಂಡತಿ ಯಾವುದಿಲ್ಲದಿದ್ದರೂ ನಡೆದೀತು. ಕುಣಿಯಲು ತನ್ನದೇ ಒಂದು ಮಟ್ಟು ಇಲ್ಲದಿದ್ದರೆ ನಡೆಯದು. ಭಾನುವಾರದ ಕುಣಿತದಲ್ಲಿ ಕೊಟ್ಟಿಗೆಯ ಬಾಗಿಲಲ್ಲಿ ಅವನ ಟೋಪಿ ಕಂಡಕೂಡಲೇ ಪಿಟೀಲಿನವನು ಅವನದೇ ಮಟ್ಟನ್ನು ಎತ್ತಿಕೊಳ್ಳಬೇಕು. ಅವನು ಕೇಳಿದಮೇಲೆ ನುಡಿಸುವುದಲ್ಲ, ಅವನನ್ನು ಕಂಡು ನುಡಿಸುವುದು. ಮಟ್ಟು ಗಂಡಸಿನದು, ಆದರೆ ಅದನ್ನು ಕಾಪಾಡಿಕೊಂಡಿರುವವರು ಹಳ್ಳದ ಕಡೆಯ ಬೀದಿಯ ರೋಮಾ ಕುಲದ ವಾದ್ಯದವರು. ರೋಮಾ ಮನೆಗೆ ಹೆಣ್ಣು ಕೊಡುವ ಮಾತೆತ್ತಿದರೆ ಕೋಲು ಹಿಡಿಯುತ್ತಿದ್ದ ರೈತರು, ತಮ್ಮ ಮಟ್ಟನ್ನು ಮಾತ್ರ ಆ ಬೀದಿಯಲ್ಲಿಟ್ಟು ನೆಮ್ಮದಿಯಾಗಿ ಮರೆತುಬಿಟ್ಟಿದ್ದರು.

ಐವತ್ತು ವರ್ಷ ಇಡೀ ಊರಿನ ಮಟ್ಟುಗಳನ್ನು ತಲೆಯಲ್ಲಿ ಹೊತ್ತಿದ್ದ ಪಿಟೀಲಿನ ಡೆಝೋ, ಎಪ್ಪತ್ತೆಂಟನೇ ವಯಸ್ಸಿನಲ್ಲಿ ಒಬ್ಬೊಬ್ಬರನ್ನೇ ಮರೆತು ದಾರಿಯಲ್ಲಿ ಇಳಿಸುತ್ತ ಬರುತ್ತಿದ್ದ. ಇದು ಗೊತ್ತಿದ್ದುದು ಮಗಳು ಪಿರೋಶ್ಕಳಿಗೆ, ಮತ್ತೆ ಅವಳ ಸೋದರಮಾವ ಜಿಗಾನಿಗೆ. ತನ್ನ ಅಣ್ಣ ಸತ್ತಮೇಲೆ ಅವನ ಮೂರು ತಂತಿಯ ದೊಡ್ಡ ಪಿಟೀಲನ್ನು ಎತ್ತಿಕೊಂಡು ಹದಿನೈದು ವರ್ಷದಿಂದ ಅಪ್ಪನ ಪಕ್ಕದಲ್ಲಿ ನಿಂತು ಆಸರೆಯ ಸ್ವರ ಕೊಡುತ್ತಿದ್ದವಳು ಅವಳು. ಅಪ್ಪ ತಡವರಿಸಿದಾಗ ಅವಳು ಹಲ್ಲಿನೊಳಗೇ ಗುನುಗುವಳು, ಅವನು ಹಿಡಿದುಕೊಳ್ಳುವನು. ಊರಿಗೆ ಗೊತ್ತಾಗಿರಲಿಲ್ಲ.

ಏಪ್ರಿಲಿನ ಒಂದು ಬುಧವಾರ ಮುದುಕ ಮೋಜೆಶ್ ತೀರಿಕೊಂಡ. ಅವನ ಹೆಂಡತಿ ಶಾರಿ, ಕಪ್ಪು ತಲೆವಸ್ತ್ರ ಬಿಗಿದುಕೊಂಡು ತಾನೇ ಹಳ್ಳ ದಾಟಿ ಬಂದಳು.

"ನಾಳೆ ಮಧ್ಯಾಹ್ನ ಮಣ್ಣು. ಮನೆ ಬಾಗಿಲಿಂದ ಗುಡ್ಡದ ಸ್ಮಶಾನದ ತನಕ ಅವರ ಮಟ್ಟು ನುಡಿಸ್ಕೊಂಡು ಬನ್ನಿ. ಅದಿಲ್ದೆ ಹೋದ್ರೆ ಆ ಲೋಕದಲ್ಲಿ ತಾನ್ಯಾರು ಅಂತ ಗುರುತು ಹೇಳ್ಕೋತಾರೆ ಅವರು?"

"ಅಯ್ಯೋ, ಅದನ್ನ ಹೇಳ್ಬೇಕಾ ಅವ್ವಾ?" ಅಂದ ಡೆಝೋ. ಅವಳು ಹೋದಮೇಲೆ ಮಗಳ ಕಡೆ ತಿರುಗಿದ. "ಯಾರು ಅವಳ ಗಂಡ?"

ಪಿರೋಶ್ಕ ಮೊದಲು ಬಾಗಿಲು ಹಾಕಿದಳು. ಮೋಜೆಶ್ ಮರ ಬಿದ್ದು ಕಾಲು ಮುರಿದುಕೊಂಡು ಕುಣಿತ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಅವನ ಮಟ್ಟನ್ನು ಅವಳು ಒಂದು ಸಲವೂ ನುಡಿಸಿದವಳಲ್ಲ. ಹೋಗಿ ಶಾರಿಯನ್ನೇ ಕೇಳುವುದೇ? ಸತ್ತವನ ಮಟ್ಟನ್ನು ಅವನ ಹೆಂಡತಿಯ ಹತ್ತಿರ ಕೇಳುವ ಪಿಟೀಲಿನವನು ಅಲ್ಲೇ ಪಿಟೀಲನ್ನು ಒಲೆಗೆ ಹಾಕಿ ಬರಬಹುದು.

"ಜಿಗಾ ಮಾವ, ನಿನಗಾದ್ರೂ ನೆನಪಿದ್ಯಾ?"

ಜಿಗಾ ಆಳೆತ್ತರದ ಬಾಸು ಪಿಟೀಲು ನುಡಿಸುವವನು. "ನನಗೆ ಇಡೀ ಊರು ಒಂದೇ ಕಣಮ್ಮಾ. ಊಂ, ಊಂ. ನಿಮ್ಮಪ್ಪನ ಮಟ್ಟೂ ಅದೇ, ಪಾದ್ರಿದೂ ಅದೇ."

ಉಳಿದದ್ದು ಒಂದೇ ದಾರಿ. ಎಚ್ಚರದಲ್ಲಿ ತನ್ನ ಟೋಪಿ ಎಲ್ಲಿದೆಯೆಂದು ತಿಳಿಯದ ಮುದುಕ, ಮಧ್ಯಾಹ್ನ ಒಲೆಯ ಪಕ್ಕ ತೂಕಡಿಸುವಾಗ ಎದೆಯ ಮೇಲಿನ ಪಿಟೀಲಿನಲ್ಲಿ ಸತ್ತವರನ್ನೆಲ್ಲ ಒಂದು ಸ್ವರವೂ ತಪ್ಪದೆ ಕುಣಿಸುತ್ತಿದ್ದ. ನಿದ್ದೆಯಲ್ಲಿ ನುಡಿಸುವುದು ಆ ಬೀದಿಯಲ್ಲಿ ಹೊಸದೇನಲ್ಲ. ಮೂರು ದಿನದ ಮದುವೆಯ ಎರಡನೇ ದಿನಕ್ಕೇ ಎಲ್ಲರೂ ಕಲಿತುಬಿಡುತ್ತಾರೆ. ಆದರೆ ಹೆಣದ ಹಿಂದೆ, ಹಾಡುಹಗಲಲ್ಲಿ, ಪಾದ್ರಿಯ ಎದುರಿಗೆ?

ಮಾರನೆಯ ದಿನ ಪಿರೋಶ್ಕ ಅಪ್ಪನಿಗೆ ಎರಡು ಬಟ್ಟಲು ಕೋಳಿಸಾರು, ಒಂದು ಲೋಟ ಪ್ಲಮ್ ಹಣ್ಣಿನ ಸಾರಾಯಿ ಕೊಟ್ಟಳು. ಊರಿಗೆ ಮಂಡಿನೋವು ಅಂತ ನೆಪ ಹೇಳಿ ಪಿಟೀಲಿನ ಸಮೇತ ಒಣಹುಲ್ಲಿನ ಗಾಡಿಯೊಂದರಲ್ಲಿ ಕೂರಿಸಿದಳು. ಬಿಸಿಲು ಹದವಾಗಿತ್ತು. ಹೆಣದ ಗಾಡಿ ಮುಂದೆ, ಊರು ನಡುವೆ, ಹುಲ್ಲಿನ ಗಾಡಿ ಹಿಂದೆ. ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಬಾಸನ್ನು ಒರಗಿಸಿಕೊಂಡ ಜಿಗಾ, ಗಾಲಿಯ ಪಕ್ಕ ನಡೆಯುತ್ತ ಪಿರೋಶ್ಕ. ಇಬ್ಬರೂ ಬರೀ ಆಸರೆಯ ಸ್ವರವನ್ನು ತೊಟ್ಟಿಲು ತೂಗಿದಂತೆ ತೂಗತೊಡಗಿದರು.

"ಸತ್ತವನನ್ನ ಎಬ್ಸೋ ವಾದ್ಯ ಕೇಳಿದ್ದೆ," ಅಂದ ಜಿಗಾ, "ವಾದ್ಯದವನನ್ನೇ ಮಲಗ್ಸೋದು ಇವತ್ತೇ ನೋಡಿದ್ದು."

"ಬಾಯಿ ಮುಚ್ಚು ಮಾವ. ಕಣ್ಣು ಮುಚ್ತಾ ಇದಾರೆ."

ದಾರಿಯ ಎರಡೂ ಕಡೆ ಪ್ಲಮ್ ಮರಗಳು ಹೂ ಉದುರಿಸುತ್ತಿದ್ದವು. ಪಿಟೀಲಿನ ಮೇಲೆ ಒಂದು, ಮುದುಕನ ಮೀಸೆಯ ಮೇಲೆ ಎರಡು ಎಸಳು ಬಿದ್ದವು. ಗಲ್ಲ ಪಿಟೀಲಿಗೆ ಆತುಕೊಂಡಿತು. ಕಮಾನು ತಾನಾಗಿ ಎದ್ದಿತು.

ನಿಧಾನದ, ಅಗಲ ಹೆಜ್ಜೆಯ ಮಟ್ಟೊಂದು ಹೊರಗೆ ಬಂತು. ಮುಂದೆ ನಡೆಯುತ್ತಿದ್ದ ಮುದುಕರು ಒಬ್ಬರನ್ನೊಬ್ಬರು ನೋಡಿಕೊಂಡರು. ಶಾರಿ ನಿಂತಳು. ಜನವನ್ನು ಸೀಳಿಕೊಂಡು ಹಿಂದಕ್ಕೆ ಬಂದಳು.

"ಪಿರೋಶ್ಕಾ, ನಿಮ್ಮಪ್ಪ ಯಾರನ್ನ ಹೂಳ್ತಾ ಇದಾನೆ? ಇದು ನನ್ನ ಗಂಡನ ತಾತಂದು! ಅವರು ಹೋಗಿ ನಲವತ್ತು ವರ್ಷ ಆಯ್ತು. ಎಬ್ಬಿಸು!"

ಪಿರೋಶ್ಕ ಅಪ್ಪನ ಭುಜದ ಕಡೆ ನೋಡಿದಳು. ಮುಟ್ಟಿದರೆ ಏಳುತ್ತಾನೆ. ಎದ್ದರೆ ಏನೂ ಇರುವುದಿಲ್ಲ. ಆಗ ಅವಳಿಗೆ ಅಪ್ಪ ಎಂದೋ ಹೇಳಿದ್ದು ನೆನಪಾಯಿತು: ಹುಡುಗನೊಬ್ಬ ಮೊದಲ ಸಲ ಕುಣಿಯಲು ಬಂದಾಗ ಅವನಿಗೆ ಹೊಸ ಮಟ್ಟು ಯಾರು ಕೊಡ್ತಾರೆ ಮಗಾ? ಅವನಪ್ಪನ ಮಟ್ಟನ್ನೇ ಹಳೇ ಕೋಟಿನ ಹಾಗೆ ಬಿಚ್ಚಿ, ಅವನ ಮೈಗೆ ತಕ್ಕ ಹಾಗೆ ಕತ್ತರಿಸಿ ಹೊಲೀಬೇಕು.

"ತಾತನಿಂದ ಇಳಿದು ಬರ್ತಾ ಇದಾರೆ ಅವ್ವಾ," ಅಂದಳು. "ಗುಡ್ಡ ಮುಟ್ಟೋದ್ರೊಳಗೆ ನಿಮ್ಮೆಜಮಾನರ ಹತ್ರ ಬರ್ತಾರೆ."

"ಬರದಿದ್ರೆ?"

"ಬರದಿದ್ರೆ ಗುಂಡಿ ಹತ್ರ ನಿಂತು ಊರಿಗೆಲ್ಲ ಹೇಳ್ತೀನಿ, ನಾವು ಕಳಕೊಂಡ್ವಿ ಅಂತ. ಆಮೇಲೆ ಪಿಟೀಲು ಮುಟ್ಟಲ್ಲ."

ಶಾರಿ ಮುಂದಕ್ಕೆ ಹೋಗಲಿಲ್ಲ. ಗಾಡಿಯ ಪಕ್ಕದಲ್ಲೇ, ಕಾವಲಿನವಳಂತೆ ನಡೆದಳು.

ಬುಗ್ಗೆಯ ತಿರುವಿನಲ್ಲಿ ಮಟ್ಟು ಬಿಗಿಯಾಯಿತು. ಅಗಲ ಹೆಜ್ಜೆಗಳು ಗಿಡ್ಡವಾದವು, ಸಿಡುಕಾದವು. "ಮಾವ," ಅಂದಳು ಶಾರಿ ಮೆಲ್ಲಗೆ, ಗಂಡನ ಅಪ್ಪನಿಗೆ ದಾರಿ ಬಿಡುವವಳಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು. ತಲೆವಸ್ತ್ರವನ್ನೂ ಸರಿಮಾಡಿಕೊಂಡಳು.

ಸ್ಮಶಾನದ ಗೇಟಿನ ಹತ್ತಿರ ಕಮಾನು ನಿಂತುಬಿಟ್ಟಿತು.

ಎತ್ತುಗಳು ನಿಂತವು. ಪಾದ್ರಿ ಕೆಮ್ಮಿದ. ಮುದುಕನ ಉಸಿರಿನ ಸದ್ದು, ಹೂವಿನೊಳಗಿನ ಜೇನಿನ ಸದ್ದು.

"ನಿಲ್ಸ್ಲಾ?" ಅಂದ ಜಿಗಾ.

"ನಿಲ್ಸ್ಬೇಡ ಮಾವ."

ಇಬ್ಬರೇ ತೂಗಿದರು. ಊಂ, ಊಂ. ಎಷ್ಟು ಹೊತ್ತೋ. ಮುದುಕ ನಿದ್ದೆಯಲ್ಲಿ ಯಾರನ್ನೋ ಬಾಗಿಲಲ್ಲಿ ಕಂಡವನಂತೆ ಹುಬ್ಬೇರಿಸಿದ. ಕಮಾನು ತಂತಿಗೆ ಬಿತ್ತು.

ಅದೇ ಸಿಡುಕಿನ ಮಟ್ಟು, ಆದರೆ ನಗುತ್ತಿತ್ತು. ಪ್ರತಿ ಸಾಲಿನ ಕೊನೆಗೆ ಒಂದು ಕ್ಷಣ ತಡೆದು, ಇನ್ನೇನು ಬಿದ್ದೇಬಿಡುತ್ತದೆ ಅನ್ನುವಾಗ ಹಿಮ್ಮಡಿ ಊರುತ್ತಿತ್ತು. ಹಾಗೆ ತಡವಾಗಿ ಹಿಮ್ಮಡಿ ಊರುತ್ತಿದ್ದವನು ಆ ಊರಿನಲ್ಲಿ ಒಬ್ಬನೇ. ಪಿರೋಶ್ಕಳಿಗೆ ಅದು ಗೊತ್ತಿರಲಿಲ್ಲ; ಅವಳು ಶಾರಿಯ ಕಪ್ಪು ಲಂಗದ ಅಂಚನ್ನು ನೋಡಿದಳು. ಅದರ ಕೆಳಗೆ ಬೂಟೊಂದು, ಯಾರಿಗೂ ಹೇಳದೆ, ಸಾಲಿನ ಕೊನೆಗೆ ತಡೆದು, ಸರಿಯಾಗಿ ಅಲ್ಲಿಗೇ ಬೀಳುತ್ತಿತ್ತು.

"ಬಂದ್ರು," ಅಂದಳು ಶಾರಿ. "ಯಾವಾಗ್ಲೂ ಹಿಂಗೇ. ಎಲ್ಲರಿಗಿಂತ ಕೊನೆಗೆ." ಆಮೇಲೆ ಅತ್ತಳು.

ಗುಂಡಿಗೆ ಮೊದಲ ಹಿಡಿ ಮಣ್ಣು ಬಿದ್ದಾಗ ಡೆಝೋ ಎಚ್ಚೆತ್ತ. ಮೀಸೆಯಿಂದ ಹೂವಿನ ಎಸಳು ತೆಗೆದು ಅನುಮಾನದಿಂದ ನೋಡಿದ.

"ಯಾರಮ್ಮಾ ಹೋಗಿದ್ದು?"

"ಮೋಜೆಶ್, ಅಪ್ಪ."

"ಅಯ್ಯೋ!" ಮುದುಕ ಎದ್ದು ಕೂತ. ಅವಳ ತೋಳು ಹಿಡಿದುಕೊಂಡು ಪಿಸುಗುಟ್ಟಿದ: "ಮಗಾ, ಯಾರಿಗೂ ಹೇಳ್ಬೇಡ. ಅವನ ಮಟ್ಟು ನನಗೆ ನೆನಪಿಲ್ಲ."

"ನನಗಿದೆ ಅಪ್ಪ," ಅಂದಳು ಪಿರೋಶ್ಕ. "ಅವರಪ್ಪಂದೂ ಇದೆ. ತಾತಂದೂ."

"ಹಂಗಾದ್ರೆ ಸರಿ," ಅಂದು ಅವನು ಮತ್ತೆ ಹುಲ್ಲಿಗೆ ಒರಗಿಕೊಂಡ.