ಡ್ರೈವರನ ಸ್ನಾನ

ಎದೆಯ ಮೇಲಿನ ಕಪ್ಪು ಬಿಲ್ಲೆಯಲ್ಲಿ ‘ಹಿರಿಯ’ ಎಂದು ಬರೆದಿತ್ತು. ಅದನ್ನು ತೊಟ್ಟವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮಾರ್ಮನ್ ಎಂಬ ಕ್ರೈಸ್ತ ಸಭೆಯವರು ಮತಪ್ರಚಾರಕ್ಕೆಂದು ಪರದೇಶಕ್ಕೆ ಕಳಿಸುವ ಹುಡುಗರನ್ನೆಲ್ಲ ಕರೆಯುವುದೇ ಹಾಗೆ. ಸಮುದ್ರ ದಾಟಿ, ಗೊತ್ತಿಲ್ಲದ ಭಾಷೆಯನ್ನು ಅರೆಬರೆ ಕಲಿತು, ಮನೆಮನೆಯ ಬಾಗಿಲು ತಟ್ಟಲು ಬಂದ ಈ ಉದ್ದನೆಯವನಿಗೆ ಬೀದಿಯವರು ಇಟ್ಟ ಹೆಸರು ಏಣಿ. ಅವನ ಜೊತೆಗಾರ ಗಿಡ್ಡ, ಗಂಟುಮುಖದವನು, ವಯಸ್ಸಿನಲ್ಲಿ ಸ್ವಲ್ಪ ದೊಡ್ಡವನು. ಒಬ್ಬನನ್ನು ಬಿಟ್ಟು ಇನ್ನೊಬ್ಬ ಎಲ್ಲಿಗೂ ಹೋಗಕೂಡದೆಂಬುದು ಮಿಷನ್ನಿನ ಕಟ್ಟಪ್ಪಣೆ. ಎಣ್ಣೆ ಸೀಗೆಕಾಯಿಯಂತಿದ್ದ ಈ ಇಬ್ಬರಿಗೆ ಒಂದೇ ಕೋಣೆ, ಒಂದೇ ಒಲೆ, ಬಟ್ಟೆ ಒಣಗಿಸಲು ಒಂದೇ ಹಗ್ಗ. ಏಣಿ ಹಲ್ಲುಜ್ಜುವ ಸದ್ದು ಕೇಳಿದರೂ ಜೊತೆಗಾರನ ಮೈ ಉರಿಯುತ್ತಿತ್ತು.

ಹೊರಗೂ ಅಷ್ಟೇ. ಇವರ ಬಿಳಿ ಅಂಗಿ ತಿರುವಿನಲ್ಲಿ ಕಂಡರೆ ಸಾಕು, ಬಾಗಿಲುಗಳು ದಡದಡ ಮುಚ್ಚಿಕೊಳ್ಳುತ್ತಿದ್ದವು. ಒಬ್ಬಾಕೆ ಮಹಡಿಯಿಂದ ನೆಲ ಒರೆಸಿದ ನೀರು ಸುರಿದು, “ಅಯ್ಯೋ, ನೋಡಲಿಲ್ಲ” ಅಂದಳು; ನೋಡಿಯೇ ಸುರಿದಿದ್ದಳು. ಸೈಕಲ್ ನಿಲ್ಲಿಸಿ ಹೋಗಿ ಬರುವಷ್ಟರಲ್ಲಿ ಚಕ್ರದ ಗಾಳಿ ಮಾಯವಾಗಿರುತ್ತಿತ್ತು.

ತೆರೆದದ್ದು ಒಂದೇ ಬಾಗಿಲು. ಲಕ್ವ ಹೊಡೆದು ಅರ್ಧ ಮೈ ಬಿದ್ದುಹೋಗಿದ್ದ ಹಳೆಯ ಬಸ್ ಡ್ರೈವರನ ಮನೆಯದು. ಮನೆಯಲ್ಲೇ ಅಂಗಿಯ ಕಾಲರ್ ಹೊಲಿದು ಸಂಸಾರ ತೂಗಿಸುತ್ತಿದ್ದ ಅವನ ಹೆಂಡತಿ, ಇವರ ಮಾತನ್ನು ಅರ್ಧಕ್ಕೇ ತಡೆದಳು.

“ದೇವರ ವಿಷಯ ಆಮೇಲೆ. ತೋಳಲ್ಲಿ ಶಕ್ತಿ ಇದೆಯಾ? ಇವರನ್ನ ಎತ್ತಿ ಸ್ನಾನದ ತೊಟ್ಟಿಗೆ ಇಳಿಸ್ಬೇಕು. ನನ್ನ ಕೈಲಿ ಆಗಲ್ಲ. ಕೆಳಗೆ ಮೈದುನ ಅಂಗಡಿ ಇಟ್ಕೊಂಡಿದ್ದಾನೆ, ಅವನಿಗೆ ಪುರಸೊತ್ತಿಲ್ಲ.”

ಅಂದಿನಿಂದ ಬುಧವಾರ ಬುಧವಾರ ಇವರದು ಅದೇ ಕೆಲಸ. ಏಣಿ ಕಂಕುಳಿಗೆ ಕೈ ಹಾಕಿದರೆ ಜೊತೆಗಾರ ಕಾಲು ಹಿಡಿಯುತ್ತಿದ್ದ. ಡ್ರೈವರನ ಮೈ ಬಿದ್ದಿತ್ತೇ ಹೊರತು ಬಾಯಿ ಬಿದ್ದಿರಲಿಲ್ಲ.

“ಎಡಕ್ಕೋ ಕತ್ತೆ! ಗೋಡೆ ಕಾಣಲ್ವಾ? ಇನ್ನೂ ಮೀಸೆ ಮೂಡಿಲ್ಲ, ಹಿರಿಯನಂತೆ! ಹಾಗಾದ್ರೆ ನಾನೇನು ಇವನ ಮೊಮ್ಮಗನಾ?”

ಒಮ್ಮೆ ಸೋಪಿನ ನೀರನ್ನು ಬಾಯಿಗೆ ತುಂಬಿಕೊಂಡು ಏಣಿಯ ಮುಖಕ್ಕೇ ಉಗಿದ. ಕೈ ಬಿಟ್ಟುಬಿಡೋಣ, ದೊಪ್ಪನೆ ಬೀಳಲಿ ಅಂತ ಏಣಿಗೆ ಅನಿಸಿತು. ಬಿಡಲಿಲ್ಲ.

“ನಾವು ಬಂದಿರೋದು ಪಾಠ ಹೇಳೋಕೆ, ಕಂಡೋರ ಬೆನ್ನುಜ್ಜೋಕಲ್ಲ,” ಎಂದು ಜೊತೆಗಾರ ಮೆಟ್ಟಿಲಿಳಿಯುತ್ತ ಗೊಣಗಿದ.

“ಪಾಠ ಕೇಳೋರು ಯಾರಿದ್ದಾರೆ, ತೋರಿಸು. ಅಲ್ಲಿಗೇ ಹೋಗೋಣ.”

ಏಣಿ ಹಟ ಹಿಡಿದದ್ದು ಬರೀ ಪುಣ್ಯಕ್ಕಾಗಿ ಅಲ್ಲ. ಇಡೀ ಬೀದಿಯಲ್ಲಿ ಇವನು ಬೇಕು ಅಂದಿದ್ದು ಆ ಹೆಂಗಸೊಬ್ಬಳೇ. ಜೊತೆಗಾರನಿಗೆ ಇದು ಹಿಡಿಸುವುದಿಲ್ಲ ಎಂಬ ಒಳಖುಷಿಯೂ ಇತ್ತು.

ಒಂದು ಬುಧವಾರ ಡ್ರೈವರನನ್ನು ತೊಟ್ಟಿಗೆ ಇಳಿಸಿದ ಮೇಲೆ, ಹೆಂಡತಿ ಹೊಲಿದ ಕಾಲರ್‌ಗಳ ಗಂಟು ಹೊತ್ತು ದರ್ಜಿಯ ಅಂಗಡಿಗೆ ಹೋದಳು. ಅದೇ ಹೊತ್ತಿಗೆ, ಎಂದೂ ಮೇಲೆ ಬಾರದ ಮೈದುನ ಯಾವುದೋ ಬೀಗದ ಕೈ ಕೇಳಲು ಬಂದ. ಬಚ್ಚಲಿನ ಬಾಗಿಲು ತೆರೆದೇ ಇತ್ತು. ಅಣ್ಣ ಕುತ್ತಿಗೆಯವರೆಗೆ ನೀರಲ್ಲಿದ್ದಾನೆ. ಏಣಿ ಅವನ ತಲೆ ಹಿಡಿದು ನೀರು ಹೊಯ್ಯುತ್ತಿದ್ದಾನೆ. ಈ ಸಭೆಗೆ ಸೇರುವವರನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ ದೀಕ್ಷಾಸ್ನಾನ ಕೊಡುತ್ತಾರೆಂಬುದು ಬೀದಿಗೆಲ್ಲ ಗೊತ್ತಿತ್ತು.

“ಬನ್ರೋ! ಕೈಲಾಗದ ನಮ್ಮಣ್ಣನ್ನ ಮುಳುಗಿಸಿ ಮತ ಕೆಡಿಸ್ತಿದ್ದಾರೆ!”

ಪಕ್ಕದ ಕ್ಷೌರದಂಗಡಿಯವನು, ಅವನ ಗಿರಾಕಿಗಳು, ನೆಲ ಒರೆಸಿದ ನೀರು ಸುರಿದಿದ್ದಾಕೆ, ಎಲ್ಲರೂ ಮೆಟ್ಟಿಲು ಹತ್ತಿ ನುಗ್ಗಿದರು. “ಇದು ಬರೀ ಸ್ನಾನ! ಮೈ ಕೊಳೆ ತೊಳೆಯೋ ಸ್ನಾನ!” ಎಂದು ಏಣಿ ಕೂಗಿದ. ಗಾಬರಿಗೆ ಅವನ ಅರೆಬರೆ ಭಾಷೆಯೂ ತಡವರಿಸಿತು.

“ಅಣ್ಣ, ನೀನೇ ಹೇಳು,” ಅಂದ ಮೈದುನ. “ನಿನ್ನ ಮುಳುಗಿಸಿದ್ರಾ?”

ಡ್ರೈವರ ಏಣಿಯನ್ನೇ ನೋಡಿದ. ತನ್ನನ್ನು ವಾರವಾರವೂ ಬೆತ್ತಲೆ ಕಂಡವನು, ಮಗುವಿನಂತೆ ಎತ್ತಿ ಇಳಿಸಿದವನು. ಅಂಥವನನ್ನು ಕ್ಷಮಿಸುವ ಆಸಾಮಿ ಅವನಲ್ಲ. ಬಾಯಿಯ ಒಂದು ತುದಿ ಮಾತ್ರ ಮೇಲಕ್ಕೇರಿತು.

“ಹೂಂ. ಮುಳುಗಿಸಿದ್ರು. ಮಂತ್ರಾನೂ ಹೇಳಿದ್ರು.”

ಆಮೇಲೆ ಮಾತಿಗೆ ಎಡೆಯೇ ಇರಲಿಲ್ಲ. ಟೈ ಹಿಡಿದು ಎಳೆದರು, ಬಿಲ್ಲೆ ಕಿತ್ತರು, ಮೆಟ್ಟಿಲ ಮೇಲಿಂದ ತಳ್ಳಿದರು. ಏಣಿಯ ತುಟಿ ಒಡೆಯಿತು. ಜೊತೆಗಾರನ ತೋಳು ತಿರುಚಿದರು. ಬೀದಿಯಲ್ಲಿ ನಿಲ್ಲಿಸಿ ಬಾಯಿಗೆ ಬಂದಂತೆ ಬೈಯುತ್ತಿರುವಾಗ ಹೆಂಡತಿ ಬಂದಳು. ಮೈದುನ ಎದೆಯುಬ್ಬಿಸಿ ಎಲ್ಲ ವರದಿ ಒಪ್ಪಿಸಿದ.

“ಸರಿ, ಅವರೆಲ್ಲಿ?”

“ಯಾರು ಅತ್ತಿಗೆ?”

“ನಿನ್ನಣ್ಣ ಕಣೋ!”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಗಂಟನ್ನು ಅಲ್ಲೇ ಎಸೆದು ಮೇಲೆ ಓಡಿದಳು. ಒಂದು ಕೈಯಿಂದ ತೊಟ್ಟಿಯ ಅಂಚು ಹಿಡಿದುಕೊಂಡು, ತಣ್ಣಗಾದ ನೀರಿನಲ್ಲಿ ಗಡಗಡ ನಡುಗುತ್ತಿದ್ದ ಗಂಡ. ಅವಳ ದನಿ ಇಡೀ ಬೀದಿಗೆ ಕೇಳಿಸಿತು.

“ಮತ ಉಳಿಸೋಕೆ ಇಷ್ಟು ಜನ ಬಂದ್ರಲ್ಲ, ಮನುಷ್ಯನ್ನ ಎತ್ತೋಕೆ ಒಬ್ಬನೂ ನಿಲ್ಲಲಿಲ್ವಾ? ಬಾರೋ ಮೈದುನ, ಕಾಲು ಹಿಡಿ! ಇವತ್ತಿನಿಂದ ಇದು ನಿನ್ನ ಪಾಲಿನ ಕೆಲಸ. ಬರದಿದ್ರೆ ನಿನ್ನ ಅಂಗಡಿ ಬಾಗಿಲಲ್ಲೇ ಇವರನ್ನ ತಂದು ಕೂರಿಸ್ತೀನಿ!”

ಮೈದುನ ಬಾಲ ಮುದುಡಿದ ನಾಯಿಯಂತೆ ಮೇಲೆ ಹೋದ. ಜನ ಕರಗಿದರು. ಏಣಿ ತುಟಿ ಒರೆಸಿಕೊಳ್ಳುತ್ತ ಅಲ್ಲೇ ನಿಂತಿದ್ದ. ಅವಳು ಒಂದು ಒಳ್ಳೆಯ ಮಾತಾದರೂ ಆಡಿಯಾಳೆಂದು ಕಾದ. ಅವಳು ಕಿಟಕಿಗೆ ಬಂದಳು.

“ನೀವೂ ಹೋಗಿ. ಇನ್ನು ಈ ಕಡೆ ತಲೆ ಹಾಕ್ಬೇಡಿ. ನಾನು ಇದೇ ಬೀದೀಲಿ ಬಾಳ್ಬೇಕು.”

ಕಿಟಕಿ ಮುಚ್ಚಿತು. ಒದೆಗಿಂತ ಅದೇ ಹೆಚ್ಚು ನೋಯಿಸಿತು ಅವನನ್ನು.

ಕೋಣೆಗೆ ಬಂದ ಮೇಲೆ ಜೊತೆಗಾರ ಬಾಯಿ ತೆರೆದ. “ನಾನು ಹೇಳಿರ್ಲಿಲ್ವಾ?”

“ಇನ್ನೊಂದು ಮಾತಾಡಿದ್ರೆ ನಿನ್ನ ಇನ್ನೊಂದು ತೋಳೂ ತಿರುಚ್ತೀನಿ,” ಅಂದ ಏಣಿ.

ಮನೆಗೆ ಫೋನ್ ಮಾಡುವ ದಿನ ಬಂತು. ಪರದೆಯಲ್ಲಿ ಮಗನ ತುಟಿ ಕಂಡು ಅಮ್ಮ ಹೌಹಾರಿದಳು. ಮೆಟ್ಟಿಲಲ್ಲಿ ಜಾರಿದೆ ಅಂದ ಏಣಿ. ನಿಯಮದಂತೆ ಅದೇ ಕೋಣೆಯಲ್ಲಿ ಕೂತಿದ್ದ ಜೊತೆಗಾರ ಹಿಂದಿನಿಂದ ಕೂಗಿದ, “ಜಾರಲಿಲ್ಲ ಅಮ್ಮ, ತಳ್ಳಿದ್ರು!”

ಅಮ್ಮನ ಕಣ್ಣು ತುಂಬಿತು. “ಸಾಕು ಮಗನೇ, ಬಂದ್ಬಿಡು. ಯಾರೂ ಏನೂ ಅನ್ನಲ್ಲ.”

“ಬರಲ್ಲ ಅಮ್ಮ.”

“ದೇವರ ಮೇಲೆ ಅಷ್ಟು ನಂಬಿಕೆನಾ?”

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಏಣಿಯೊಳಗೆ ನಂಬಿಕೆಗಿಂತ ಸಿಟ್ಟೇ ಹೆಚ್ಚಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಡ್ರೈವರನಿಗೆ ಒಳಿತು ಕೋರಲು ಹೋಗಿ ಮೂರು ಮಾತಿಗೇ ನಿಲ್ಲಿಸಿಬಿಟ್ಟಿದ್ದ. ಈಗ ಊರಿಗೆ ಹೋದರೆ ಆ ಬೀದಿಯೇ ತನ್ನನ್ನು ಓಡಿಸಿದಂತಾಗುತ್ತದೆ. ಅದೊಂದು ಆಗಕೂಡದು ಅಂದುಕೊಂಡ.

ಮಿಷನ್ನಿನ ಮೇಲಿನವರು ಇಬ್ಬರನ್ನೂ ಬೇರೆ ಬೇರೆ ಊರಿಗೆ ವರ್ಗ ಮಾಡಿದರು. ಬಸ್ ನಿಲ್ದಾಣದಲ್ಲಿ ಅವರು ಕೈ ಕುಲುಕಲಿಲ್ಲ. ಜೊತೆಗಾರ ಹಿಂದಿರುಗಿ ನೋಡದೆ ತನ್ನ ಬಸ್ ಹತ್ತಿದ. ಏಣಿಯೂ ಕೈ ಬೀಸಲಿಲ್ಲ. ಪೆಟ್ಟಿಗೆ ಎತ್ತಿಕೊಂಡು, ಕಿಟಕಿಯ ಪಕ್ಕದ ಸೀಟು ಖಾಲಿ ಇದೆಯೇ ಎಂದು ಹುಡುಕುತ್ತ ತನ್ನ ಬಸ್ಸಿನ ಒಳಗೆ ಹೋದ.