ದೀರ್ಘ ತಪ್ಪಿದ ಹೆಸರು

ವಿಜಯಲಕ್ಷ್ಮಿಗೆ ಗಾಜಿನ ಮೇಲೆ ಚಿತ್ತಾರ ಮೂಡಿಸುವ ಹುಚ್ಚು ಹತ್ತಿದ್ದು ಮೊಬೈಲಿನ ಒಂದು ವಿಡಿಯೊದಿಂದ. ಸ್ಟಿಕರ್ ಹಾಳೆಯಲ್ಲಿ ಹೂವನ್ನೋ ಅಕ್ಷರವನ್ನೋ ಬ್ಲೇಡಿನಿಂದ ಕತ್ತರಿಸಿ ತೆಗೆದು, ಹಾಳೆಯನ್ನು ಗ್ಲಾಸಿಗೆ ಅಂಟಿಸಿ, ತೆರೆದ ಜಾಗಕ್ಕೆ ಗಾಜು ಕೊರೆಯುವ ಕ್ರೀಮು ಬಳಿದು, ಹತ್ತು ನಿಮಿಷ ಬಿಟ್ಟು ತೊಳೆದರೆ ಆಯಿತು. ಕ್ರೀಮು ತಾಗಿದಷ್ಟು ಗಾಜು ಮಂಜು ಕವಿದಂತೆ ಬೆಳ್ಳಗಾಗುತ್ತಿತ್ತು. ಆಮೇಲೆ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

ರಾಯಚೂರಿನ ಆ ಓಣಿಯಲ್ಲಿ ಇದು ಗೊತ್ತಿದ್ದವಳು ಅವಳೊಬ್ಬಳೇ. ಪಕ್ಕದ ಮನೆಯ ದಿಲ್ಶಾದ್ ಒಂದು ದಿನ ಬಾಗಿಲಲ್ಲಿ ನಿಂತು, “ಅಕ್ಕಾ, ನನಗೂ ಕಲಿಸ್ರಿ” ಅಂದಾಗ ವಿಜಯಲಕ್ಷ್ಮಿಗೆ ಹೆಮ್ಮೆಯೇ ಆಗಿತ್ತು. ಕೈಗವಸು ಹಾಕಿಕೊಳ್ಳುವುದರಿಂದ ಹಿಡಿದು ಎಲ್ಲವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಳು.

ಮೂರು ತಿಂಗಳಲ್ಲಿ ಆ ಹೆಮ್ಮೆ ಹುಳಿಯಾಯಿತು. ವಿಜಯಲಕ್ಷ್ಮಿ ಮೊಬೈಲಿನ ಚಿತ್ರದ ಮೇಲೆ ಹಾಳೆ ಇಟ್ಟು ತಿದ್ದಿ, ಅಳೆದು ಕತ್ತರಿಸುತ್ತಿದ್ದಳು. ದಿಲ್ಶಾದ್‌ಗೆ ಅದೇನೂ ಬೇಕಿರಲಿಲ್ಲ. ಮಾತಾಡುತ್ತಲೇ ಬ್ಲೇಡು ಆಡಿಸುತ್ತಿದ್ದಳು. ಬಳ್ಳಿಯೊಂದು ಗ್ಲಾಸಿನ ಬುಡದಿಂದ ಎದ್ದು ಸುತ್ತು ಹಾಕಿ ಬಾಯಿಯ ಹತ್ತಿರ ಮೊಗ್ಗಾಗಿ ನಿಲ್ಲುತ್ತಿತ್ತು. ಓಣಿಯ ಹೆಂಗಸರು ಇಬ್ಬರ ಕೆಲಸವನ್ನೂ ಹೊಗಳುತ್ತಿದ್ದರು. ಆದರೆ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡುತ್ತಿದ್ದದ್ದು ದಿಲ್ಶಾದಳ ಗ್ಲಾಸನ್ನು. ಅವರು ಹೋದ ಮೇಲೆ ವಿಜಯಲಕ್ಷ್ಮಿಯೂ ಅದನ್ನೇ ಎತ್ತಿ ಹಿಡಿದು, ಎಲ್ಲಾದರೂ ಕ್ರೀಮು ಅಂಚು ದಾಟಿ ಹರಿದಿದೆಯೇ ಎಂದು ಹುಡುಕುತ್ತಿದ್ದಳು. ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ದೇವದುರ್ಗದಿಂದ ತಂಗಿ ವಿಜಯಶ್ರೀಯ ಫೋನು ಬಂತು. ಮಗಳು ನೀಲಾಂಬಿಕಾಳ ನಿಶ್ಚಿತಾರ್ಥ ಗೊತ್ತಾಗಿತ್ತು. ಗಂಡಿನ ಕಡೆಯವರಿಗೆ ಶರಬತ್ತು ಕೊಡಲು ಹೆಸರು ಮೂಡಿಸಿದ ಇಪ್ಪತ್ತನಾಲ್ಕು ಗ್ಲಾಸು ಬೇಕು ಅಂದಳು.

“ಅದಕ್ಕೇನು, ಮಾಡಿಕೊಡ್ತೀನಿ ಬಿಡು.”

ವಿಜಯಶ್ರೀ ದನಿ ತಗ್ಗಿಸಿದಳು. “ಅಕ್ಕಾ, ಬ್ಯಾಸರ ಮಾಡಕೋಬ್ಯಾಡ. ಆ ದಿಲ್ಶಾದ್ ಕಡಿಯಿಂದ ಮಾಡಸ್ತೀಯೇನು? ನೀಲಾಗ ಆಕಿ ಬಳ್ಳಿ ಭಾಳ ಸೇರ್ಯಾವ.”

“ಅಯ್ಯ, ನನಗ್ಯಾಕ ಬ್ಯಾಸರ?” ಅಂದಳು ವಿಜಯಲಕ್ಷ್ಮಿ. ಫೋನು ಇಟ್ಟ ಮೇಲೆ ಅಡುಗೆಮನೆಗೆ ಹೋಗಿ, ತಾನೇ ಮಾಡಿದ್ದ ಆರು ಗ್ಲಾಸುಗಳನ್ನು ಕಪಾಟಿನ ಹಿಂದಕ್ಕೆ ಸರಿಸಿದಳು.

ದಿಲ್ಶಾದ್ ಸಂಭ್ರಮದಿಂದ ಒಪ್ಪಿಕೊಂಡಳು. ಅವಳಿಗೊಂದೇ ಅಳುಕು. ಮಾನ್ವಿಯಲ್ಲಿ ಉರ್ದು ಶಾಲೆಯಲ್ಲಿ ಓದಿದವಳು. ಕನ್ನಡ ನೀರಿನಂತೆ ಮಾತಾಡುತ್ತಿದ್ದರೂ ಬರೆಯುವಾಗ ಗುಡಿಸು, ದೀರ್ಘ ತಪ್ಪುತ್ತಿದ್ದವು. ಹುಡುಗ, ಹುಡುಗಿ ಇಬ್ಬರ ಹೆಸರನ್ನೂ ಕಾಗದದ ಮೇಲೆ ಬರೆದು ತಂದಳು.

“ಅಕ್ಕಾ, ಒಮ್ಮೆ ನೋಡ್ರಿ. ಒಂದ ಸಲ ಗಾಜಿನ ಮ್ಯಾಲ ಕೂತ್ರ ಹೋಗಂಗಿಲ್ಲ.”

ನೀಲಾಂಬಿಕಾ ಸರಿಯಾಗಿತ್ತು. ಗಂಡಿನ ಹೆಸರು ಅಂಬರೀಶ ಮಾತ್ರ ‘ಅಂಬರಿಶ’ ಆಗಿತ್ತು. ವಿಜಯಲಕ್ಷ್ಮಿಗೆ ಅದು ಕಂಡಿತು. ಹೇಳಲು ಬಾಯಿಯನ್ನೂ ತೆರೆದಳು. ಆದರೆ ಆ ಕಾಗದದ ಮೇಲೆಯೇ ಎರಡು ಹೆಸರುಗಳ ಸುತ್ತ ದಿಲ್ಶಾದ್ ಆಗಲೇ ಬಳ್ಳಿ ಹಬ್ಬಿಸಿದ್ದಳು. ಎಷ್ಟು ಚೆಂದವಿತ್ತೆಂದರೆ ವಿಜಯಲಕ್ಷ್ಮಿ ಕಾಗದವನ್ನು ಮಡಚಿ ಅವಳ ಕೈಗೇ ವಾಪಸು ಕೊಟ್ಟಳು.

“ಸರಿ ಅದ, ಮಾಡು” ಅಂದಳು.

ನಾಲ್ಕು ದಿನ ಪಕ್ಕದ ಮನೆಯಿಂದ ನಲ್ಲಿಯ ಸದ್ದು, ಗ್ಲಾಸು ತೊಳೆಯುವ ಸದ್ದು ಕೇಳುತ್ತಿತ್ತು. ಪ್ರತಿ ಸಲವೂ ವಿಜಯಲಕ್ಷ್ಮಿ ಎದ್ದು ಹೋಗಿ ಹೇಳಿಬಿಡಬೇಕು ಅಂದುಕೊಂಡಳು. ಐದನೆಯ ದಿನ ಎಲ್ಲ ಮುಗಿದಿತ್ತು.

ನಿಶ್ಚಿತಾರ್ಥದ ದಿನ ಇಬ್ಬರೂ ಒಟ್ಟಿಗೇ ದೇವದುರ್ಗಕ್ಕೆ ಹೋದರು. ಶರಬತ್ತಿನ ಗ್ಲಾಸು ಕಂಡವರೆಲ್ಲ ಬೆರಗಾದರು. ಗಂಡಿನ ದೊಡ್ಡಪ್ಪ ವಿರೂಪಣ್ಣ ನಿವೃತ್ತ ಮಾಸ್ತರರು. ಗ್ಲಾಸು ಖಾಲಿ ಮಾಡಿ ತಿರುಗಿಸಿ ನೋಡಿದವರು ಕನ್ನಡಕ ಹಾಕಿಕೊಂಡರು.

“ಏನ್ರೀ ಇದು? ನಮ್ಮ ಹುಡುಗನ ದೀರ್ಘ ಎಲ್ಲಿ ಹೋತು?”

ಮೊದಲು ನಗು ಎದ್ದಿತು. ಒಬ್ಬೊಬ್ಬರೂ ಗ್ಲಾಸು ತಿರುಗಿಸಿ ಓದತೊಡಗಿದರು. ಹಿಂದಿನಿಂದ ಯಾರೋ ಹೆಂಗಸು, “ಕನ್ನಡ ಬರಲಾರದವರ ಕೈಗೆ ಕೊಟ್ರ ಮತ್ತೇನಾಗ್ತದ?” ಅಂದಳು. ವಿಜಯಶ್ರೀಯ ಮುಖ ಕೆಂಪಾಯಿತು. ಅಂಬರೀಶ ತಾನೇ, “ಇರ್ಲಿ ಬಿಡ್ರಿ ದೊಡ್ಡಪ್ಪ” ಎನ್ನುತ್ತಿದ್ದರೂ ಯಾರೂ ಬಿಡಲಿಲ್ಲ.

ದಿಲ್ಶಾದ್ ಎದ್ದು ನಿಂತಳು. “ತಪ್ಪು ನಂದ್ರಿ. ನಾನು ಉರ್ದು ಶಾಲಿ ಕಲಿತಾಕಿ. ಮಾಫ್ ಮಾಡ್ರಿ.”

ಅವಳು ವಿಜಯಲಕ್ಷ್ಮಿಯ ಕಡೆ ನೋಡಲಿಲ್ಲ. ವಿಜಯಲಕ್ಷ್ಮಿ ಖಾಲಿ ಗ್ಲಾಸುಗಳನ್ನು ತಟ್ಟೆಗೆ ಜೋಡಿಸತೊಡಗಿದಳು.

ವಾಪಸು ಬಸ್ಸಿನಲ್ಲಿ ಪಕ್ಕಪಕ್ಕದಲ್ಲೇ ಕೂತರು. ಗಬ್ಬೂರಿನಲ್ಲಿ ಬಸ್ಸು ನಿಂತು ಜನ ಹತ್ತುತ್ತಿದ್ದಾಗ ದಿಲ್ಶಾದ್ ಕೇಳಿದಳು.

“ಅಕ್ಕಾ, ಆ ಕಾಗದ ನೋಡಿದ್ರಲ್ಲ. ನಿಮಗ ಕಾಣಲಿಲ್ಲೇನು?”

ಅವಸರದಲ್ಲಿ ನೋಡಿದೆ, ಕನ್ನಡಕ ಇರಲಿಲ್ಲ, ಹೀಗೆ ಏನಾದರೂ ಹೇಳಬಹುದಿತ್ತು. “ಕಂಡಿತ್ತು” ಅಂದಳು ವಿಜಯಲಕ್ಷ್ಮಿ.

“ಮತ್ತ ಯಾಕ ಹೇಳಲಿಲ್ಲ?”

“ಹೊಟ್ಟಿಕಿಚ್ಚು. ನಾನು ಕಲಿಸಿದ್ದು, ನಿನ್ನ ಕೈ ನನಗಿಂತ ಚಲೋ ಆತು. ನನಗ ತಡಕೊಳ್ಳಾಕ ಆಗಲಿಲ್ಲ.”

ದಿಲ್ಶಾದ್ ಎದ್ದು, ಮುಂದೆ ಖಾಲಿಯಾದ ಸೀಟಿಗೆ ಹೋಗಿ ಕೂತಳು.

ಮನೆ ಮುಟ್ಟಿದ ಕೂಡಲೇ ವಿಜಯಲಕ್ಷ್ಮಿ ತಂಗಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು.

“ನನ್ನ ಮಗಳ ಕಾರ್ಯದಾಗ ಹಿಂಗ ಮಾಡಿದೇನು? ಅದೂ ನೀನು?” ಎಂದ ವಿಜಯಶ್ರೀ ಫೋನು ಇಟ್ಟುಬಿಟ್ಟಳು. ಮರುದಿನ ಅವಳೇ ದಿಲ್ಶಾದ್‌ಗೆ ಫೋನು ಮಾಡಿ ಕ್ಷಮೆ ಕೇಳಿದಳಂತೆ. ಮದುವೆಗೆ ಬೇರೆ ಗ್ಲಾಸು ಮಾಡಿಕೊಡುತ್ತೇನೆಂದು ದಿಲ್ಶಾದ್ ಅಂದಳಂತೆ. ಇದೆಲ್ಲ ವಿಜಯಲಕ್ಷ್ಮಿಗೆ ಓಣಿಯವರಿಂದ ತಿಳಿಯಿತು.

ಒಂದೂವರೆ ತಿಂಗಳು ದಿಲ್ಶಾದ್ ಈ ಹೊಸ್ತಿಲು ತುಳಿಯಲಿಲ್ಲ. ಮದುವೆಗೆ ವಾರವಿದ್ದಾಗ ಒಂದು ಬೆಳಿಗ್ಗೆ ಬಂದು, ಕರೆಯುವ ಮೊದಲೇ ಒಳಗೆ ಕೂತಳು. ವಿಜಯಲಕ್ಷ್ಮಿ ಚಹಾ ಮಾಡಿ ತಂದಳು. ತಾನೇ ಮಾತು ತೆಗೆದಳು.

“ಗ್ಲಾಸು ಮುಗದ್ವೇನು?”

“ಮುಗದ್ವು.”

“ಹೆಸರು ಯಾರ ಕಡೆ ಓದಿಸಿದಿ?”

“ಎದುರು ಮನಿ ಕನಕರಾಯ ಮಾಸ್ತರ ಕಡೆ” ಅಂದಳು ದಿಲ್ಶಾದ್. ಚಹಾ ಕುಡಿದು, ಮಕ್ಕಳ ಪರೀಕ್ಷೆಯ ಮಾತಾಡಿ, ಹೋದಳು.

ಮದುವೆಯಲ್ಲಿ ವಿಜಯಲಕ್ಷ್ಮಿ ಆ ಗ್ಲಾಸು ನೋಡಿದಳು. ಬಳ್ಳಿ ಈ ಸಲ ಹೆಸರುಗಳ ನಡುವೆಯೇ ಹಾದು ಹೋಗಿತ್ತು. ಮೊದಲಿನದಕ್ಕಿಂತ ಚೆಂದವಾಗಿತ್ತು. ಅವಳ ಕಣ್ಣು ಮತ್ತೆ ಅಂಚಿನಲ್ಲಿ ತಪ್ಪು ಹುಡುಕಿತು. ಹೊಸ ಕೆಲಸ ಹೇಗಿದೆಯೆಂದು ಪಕ್ಕದಲ್ಲಿದ್ದವರು ಕೇಳಿದಾಗ, “ನನಗಿಂತ ಭಾಳ ಚಲೋ ಮಾಡ್ತಾಳ” ಎಂದಳು. ಹೇಳುವುದು ಕಷ್ಟವಾಯಿತು. ಆದರೂ ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು.