ಆಚೆ ದಡಕ್ಕೆ

ಸೇತುವೆಯ ನಟ್ಟನಡುವೆ ರಜಬ್ ಅಲಿ ನಿಂತುಬಿಟ್ಟ. ಮುಂದೆ ಹೋಗುತ್ತಿದ್ದ ಸಿದ್ದೀಕಾ ತಿರುಗಿ ನೋಡಿದಳು. ಗಂಡನ ಎರಡೂ ಕೈ ಪಕ್ಕದ ಕಬ್ಬಿಣದ ಸರಳನ್ನು ಬಿಗಿಯಾಗಿ ಹಿಡಿದಿದ್ದವು. ಕೆಳಗೆ, ಬಂಡೆಗಳ ಸೀಳಿನ ಆಳದಲ್ಲಿ ಭದ್ರೆ ನೊರೆಯೆಬ್ಬಿಸಿ ಹರಿಯುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡಿದ್ದ.

ಕಳಸದ ಕಡೆಯ ಈ ಬ್ರಿಟಿಷರ ಕಾಲದ ಸೇತುವೆಯ ಮೇಲೆ ಈಗ ವಾಹನ ಬಿಡುವುದಿಲ್ಲ. ಮಳೆಗಾಲ ಕಳೆದ ಮೇಲೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಇದಕ್ಕೆ ಬಣ್ಣ ಬಳಿಯುತ್ತಿದ್ದವರು ಸಿದ್ದೀಕಾಳ ತಂದೆ. ಅವಳು ಬೆಳೆದದ್ದು ಆಚೆ ದಡದಲ್ಲೇ. ಮದುವೆಯಾಗಿ ಮೂಡಿಗೆರೆಗೆ ಬಂದಾಗಿನಿಂದ ಒಂದು ಸಲ ಕರೆದುಕೊಂಡು ಹೋಗಿ ಎಂದು ಗಂಡನನ್ನು ಕೇಳಿಯೇ ಕೇಳಿದ್ದಳು. ಜೀಪು ರಿಪೇರಿಯ ರಜಬ್ ಅಲಿಗೆ ನೆಪಗಳಿಗೇನು ಬರ? ಒಮ್ಮೆ ಗೇರ್‌ಬಾಕ್ಸ್ ಬಿಚ್ಚಿಟ್ಟಿರುತ್ತಿದ್ದ, ಇನ್ನೊಮ್ಮೆ ಎಸ್ಟೇಟಿನವರು ಬರುವವರಿರುತ್ತಿದ್ದರು. ಬಣ್ಣ ಬಳಿಯುವವರ ಮನೆಯೆಂದು ಅಸಡ್ಡೆ ಇವರಿಗೆ ಎಂದುಕೊಂಡು ಅವಳು ಕೇಳುವುದನ್ನೇ ಬಿಟ್ಟಿದ್ದಳು. ಈ ಸಲ ಹೊರಡಿಸಿದವನು ಹೊಸ ಅಳಿಯ ಆಕಿಬ್. ಅಳಿಯನಿಗೆ ಇಲ್ಲವೆನ್ನಲು ರಜಬ್ ಅಲಿಗೆ ಬಾಯಿ ಬಂದಿರಲಿಲ್ಲ.

"ಏನಾಯ್ತ್ರೀ?"

"ಕೆಳಗೆ ನೋಡಿದ್ರೆ ಕಾಲು ಸೋಲ್ತದೆ ಮಾರಾಯ್ತಿ. ಸಣ್ಣೋನಿದ್ದಾಗಿಂದ್ಲೂ ಹಾಗೇ."

"ಅಷ್ಟು ಹೇಳ್ಬಾರ್ದಿತ್ತಾ ನಂಗೆ?"

"ನಿನ್ನಪ್ಪ ಹಗ್ಗದಲ್ಲಿ ನೇತಾಡ್ತಿದ್ದೋರು. ನಿನ್ ಹತ್ರ ಹ್ಯಾಗೆ ಹೇಳ್ಲಿ?"

ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ಸಿದ್ದೀಕಾಳಿಗೇ ತಿಳಿಯಲಿಲ್ಲ. ನಗು ಬಂತು. ನಗುವಾಗಲೇ ಕಣ್ಣೂ ಒದ್ದೆಯಾಯಿತು.

"ಅಬ್ಬಾ, ಯಾಕೆ ನಿಂತ್ರಿ?" ಎಂದು ಮಗಳು ಫಿಜಾ ಆಚೆ ದಡದಿಂದ ಅಪ್ಪನನ್ನು ಕೂಗಿದಳು. ಆಕಿಬ್ ಇವರತ್ತಲೇ ಬರತೊಡಗಿದ್ದ.

ಸಿದ್ದೀಕಾ ತಟ್ಟನೆ ಬಗ್ಗಿ ಮಂಡಿ ಹಿಡಿದುಕೊಂಡಳು. "ನಂದೇ ಮಂಡಿ ಹಿಡ್ಕೊಂಡಿದೆ. ನನ್ನ ಬಿಟ್ಟು ಬರಲ್ಲ ಅಂತ ಇವ್ರೂ ನಿಂತಿದ್ದಾರೆ."

"ನಾನು ಕೈ ಕೊಡ್ಲಾ ಮಾಮಿ?" ಎಂದ ಆಕಿಬ್.

"ಬೇಡಪ್ಪ. ಇವ್ರಿದ್ದಾರಲ್ಲ. ನೀವು ಫೋಟೋ ತೆಗೀತಾ ಇರಿ."

ಅಳಿಯ ಮಾವನನ್ನೊಮ್ಮೆ ಮೆಚ್ಚುಗೆಯಿಂದ ನೋಡಿ ಹಿಂದಿರುಗಿದ.

ಪೇಟೆಯಲ್ಲಿ ಹೆಂಡತಿಗಿಂತ ನಾಲ್ಕು ಮಾರು ಮುಂದೆಯೇ ನಡೆಯುವ ಗಂಡಸು ರಜಬ್ ಅಲಿ. ಗ್ರೀಸು ಕೂತು ಕಪ್ಪಾಗಿದ್ದ ಅವನ ಬೆರಳುಗಳನ್ನು ಸಿದ್ದೀಕಾ ಒಂದೊಂದಾಗಿ ಸರಳಿನಿಂದ ಬಿಡಿಸಿ ತನ್ನ ಕೈಗೆ ತಂದುಕೊಂಡಳು. ಅಂಗೈ ಬೆವತಿತ್ತು.

"ನನ್ನ ಬೆನ್ನೇ ನೋಡ್ತಾ ಬನ್ನಿ."

ಮಕ್ಕಳ ಕಣ್ಣಿಗೆ ಇರಲೆಂದು ಒಂದಿಷ್ಟು ಕುಂಟುತ್ತಲೇ ಅವಳು ನಡೆದಳು. ಕಾಲಡಿಯ ಹಲಗೆ ಮುಗಿದು ಮಣ್ಣು ಸಿಕ್ಕಾಗ ರಜಬ್ ಅಲಿ ದೊಡ್ಡದಾಗಿ ಉಸಿರು ಬಿಟ್ಟು ಅಲ್ಲೇ ಒಂದು ಕಲ್ಲಿನ ಮೇಲೆ ಕುಸಿದು ಕೂತ.

"ವಾಪಸ್ ಹೋಗೋಕೆ ಬೇರೆ ದಾರಿ ಇಲ್ವಾ?"

"ಇಲ್ಲ."

ಅವನು ದಡದ ಸುತ್ತ ಕಣ್ಣಾಡಿಸಿದ. ಆಮೇಲೆ ಕೇಳಿದ, "ನಿಮ್ಮನೆ ಎಲ್ಲಿತ್ತು?"

ಮನೆಯಿದ್ದ ಜಾಗದಲ್ಲಿ ಈಗ ಕಾಫಿ ಗಿಡ ಬೆಳೆದಿತ್ತು. ಸಿದ್ದೀಕಾ ಅವನ ಪಕ್ಕದಲ್ಲಿ ಕೂತು ಬಾಗಿಲು ಎಲ್ಲಿತ್ತು, ಒಲೆ ಎಲ್ಲಿತ್ತು, ಅಪ್ಪ ಬಣ್ಣ ಮೆತ್ತಿದ ಬಟ್ಟೆ ಎಲ್ಲಿ ಒಣಹಾಕುತ್ತಿದ್ದರು ಎಂದು ಬೆರಳು ಚಾಚಿ ತೋರಿಸತೊಡಗಿದಳು. ಫೋಟೋ ಮುಗಿಸಿ ಆಗಲೇ ಸೇತುವೆ ದಾಟಿ, ಆ ದಡದಲ್ಲಿ ನಿಲ್ಲಿಸಿದ್ದ ಜೀಪಿನ ಹತ್ತಿರ ವಾಪಸಾಗಿದ್ದ ಮಕ್ಕಳು ಹಾರ್ನ್ ಹಾಕಿದರು. ರಜಬ್ ಅಲಿ ಆ ಕಡೆ ತಿರುಗಲಿಲ್ಲ.

"ಬಾವಿ?" ಎಂದ.